ಸಿದ್ಧವಾಗಿರುವುದರ ಬೆಲೆ

ಯಾತ್ರೆಗೆಂದು ಒಂದು ತಿಂಗಳು ಅಂಗಡಿಗೆ ಬೀಗ ಹಾಕಿ ಹೋದ ವರ್ತಕನು ಹಿಂದಿರುಗಿದಾಗ ವಿದ್ಯುತ್ತಿನ ಬಿಲ್ಲು ಅವನಿಗಾಗಿ ಕಾದಿರುತ್ತದೆ. ದೀಪ ಹೊತ್ತಲಿಲ್ಲ, ಪಂಖ ತಿರುಗಲಿಲ್ಲ, ಮೀಟರಿನ ಅಂಕಿ ಅಲುಗಲಿಲ್ಲ. ಆದರೂ 'ನಿಗದಿತ ಶುಲ್ಕ' ಎಂಬ ಸಾಲಿನ ಎದುರಿಗೆ ಒಂದು ಮೊತ್ತವನ್ನು ಬರೆದಿರುತ್ತದೆ. ಉಪ್ಪು ಕೊಳ್ಳದವನಿಂದ ಉಪ್ಪಿನ ಬೆಲೆಯನ್ನು ಯಾರೂ ಕೇಳುವುದಿಲ್ಲ. ಹೀಗಿರುವಾಗ ಬಳಸದ ವಿದ್ಯುತ್ತಿಗೆ ಹಣವೇಕೆ? ಈ ಪ್ರಶ್ನೆ ಸಹಜವಾದುದೇ. ಇದರ ಉತ್ತರವನ್ನು ಹುಡುಕಹೊರಟರೆ ಹಿಂದೆ ಇನ್ನೂ ದೊಡ್ಡದೊಂದು ಪ್ರಶ್ನೆ ನಿಂತಿರುವುದು ಕಾಣುತ್ತದೆ: ನಾಡಿಗೆ ವಿದ್ಯುತ್ತನ್ನೊದಗಿಸಲು ಕಟ್ಟಿದ ಸ್ಥಾವರಗಳ ಹೊರೆಯಲ್ಲಿ ಮನೆಗಳ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು, ರೈತನ ಪಂಪ್‌ಸೆಟ್ಟಿನ ಪಾಲೆಷ್ಟು? ನೂರಮೂವತ್ತು ವರ್ಷಗಳಿಂದ ಇಂಜಿನಿಯರರೂ ಅರ್ಥಶಾಸ್ತ್ರಜ್ಞರೂ ಚರ್ಚಿಸುತ್ತ ಬಂದಿರುವ ಈ ವಿಷಯವನ್ನು ಇಲ್ಲಿ ಪರಿಶೀಲಿಸೋಣ.

ಉಪ್ಪನ್ನು ಮೂಟೆ ಕಟ್ಟಿ ಉಗ್ರಾಣದಲ್ಲಿ ಇಡಬಹುದು. ವಿದ್ಯುತ್ತನ್ನು ಹಾಗೆ ಇಡುವುದು ಸುಲಭವಲ್ಲ. ನಾವು ಗುಂಡಿಯನ್ನೊತ್ತಿದ ಕ್ಷಣದಲ್ಲಿಯೇ ಎಲ್ಲಿಯೋ ಒಂದು ವಿದ್ಯುದಾಗಾರವು ಅಷ್ಟು ಶಕ್ತಿಯನ್ನು ಹೆಚ್ಚಾಗಿ ಉತ್ಪಾದಿಸಬೇಕು. ಬ್ಯಾಟರಿಗಳಲ್ಲಿ ತುಂಬಿಡುವ, ನೀರನ್ನು ಮೇಲಿನ ಜಲಾಶಯಕ್ಕೆ ಹತ್ತಿಸಿಟ್ಟು ಬೇಕಾದಾಗ ಇಳಿಸುವ ಉಪಾಯಗಳು ಇಂದು ಉಂಟು. ಆದರೆ ಅವೂ ಹಣ ಸುರಿದು ಕಟ್ಟಬೇಕಾದ ಸ್ಥಾವರಗಳೇ. ಆದುದರಿಂದ ವಿದ್ಯುತ್ ಸಂಸ್ಥೆಯು ವರ್ಷದಲ್ಲಿ ಒಟ್ಟು ಎಷ್ಟು ಮಾರುತ್ತದೆ ಎಂಬುದಕ್ಕಲ್ಲ, ಎಲ್ಲರೂ ಏಕಕಾಲದಲ್ಲಿ ಅತಿ ಹೆಚ್ಚಾಗಿ ಕೇಳುವ ಗಳಿಗೆಯಲ್ಲಿ ಎಷ್ಟು ಬೇಕಾಗುತ್ತದೆ ಎಂಬುದಕ್ಕೆ ತಕ್ಕಂತೆ ಯಂತ್ರಗಳನ್ನೂ ತಂತಿಗಳನ್ನೂ ಪರಿವರ್ತಕಗಳನ್ನೂ ಸಿದ್ಧಪಡಿಸಿ ಇಟ್ಟುಕೊಂಡಿರಬೇಕು.

ಮದುವೆಯ ಮನೆಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಅಕ್ಕಿ ಬೇಳೆಗಳ ಖರ್ಚು ಉಂಡ ಎಲೆಗಳ ಎಣಿಕೆಯನ್ನು ಅನುಸರಿಸುತ್ತದೆ. ಊಟದ ಚಪ್ಪರದ ಅಳತೆಯಾದರೋ ಅತ್ಯಂತ ದೊಡ್ಡ ಪಂಕ್ತಿಯನ್ನು ಅನುಸರಿಸುತ್ತದೆ. ಆರುನೂರು ಮಂದಿ ಮೂರು ಪಂಕ್ತಿಗಳಲ್ಲಿ ಸಮನಾಗಿ ಕುಳಿತರೆ ಇನ್ನೂರು ಎಲೆಗಳಿಗೆ ಸ್ಥಳವಿದ್ದರೆ ಸಾಕು. ಎಲ್ಲರೂ ಒಂದೇ ಪಂಕ್ತಿಗೆ ನುಗ್ಗಿದರೆ ಆರುನೂರು ಎಲೆಗಳಿಗೆ ಸ್ಥಳ ಬೇಕು. ಎರಡು ಸಂದರ್ಭಗಳಲ್ಲಿಯೂ ಬೆಂದ ಅನ್ನ ಒಂದೇ. ಚಪ್ಪರದ ಬಾಡಿಗೆ ಮಾತ್ರ ಬೇರೆ. ವಿದ್ಯುತ್ತಿನಲ್ಲಿ ಅನ್ನದ ಸ್ಥಾನದಲ್ಲಿರುವುದು ಯೂನಿಟ್ಟು, ಎಂದರೆ ಕಿಲೋವಾಟ್-ಗಂಟೆ. ಚಪ್ಪರದ ಸ್ಥಾನದಲ್ಲಿರುವುದು ಕಿಲೋವಾಟ್. ಒಂದು ಕಿಲೋವಾಟಿನ ಒಲೆಯನ್ನು ಹತ್ತು ಗಂಟೆ ಉರಿಸಿದರೂ, ಹತ್ತು ಕಿಲೋವಾಟಿನ ಯಂತ್ರವನ್ನು ಒಂದು ಗಂಟೆ ಓಡಿಸಿದರೂ ಖರ್ಚಾಗುವುದು ಹತ್ತು ಯೂನಿಟ್ಟೇ. ಆದರೆ ಎರಡನೆಯದಕ್ಕೆ ಹತ್ತು ಪಟ್ಟು ದೊಡ್ಡ ಚಪ್ಪರ ಬೇಕು.

ಹಾಪ್ಕಿನ್‌ಸನ್ನನ ವಿಚಾರ

ಈ ಭೇದವನ್ನು ಮೊದಲು ವಿಶದವಾಗಿ ಎತ್ತಿ ತೋರಿಸಿದವನು ಜಾನ್ ಹಾಪ್ಕಿನ್‌ಸನ್. 1849ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಈತನು ಗಣಿತಜ್ಞನೂ ವಿದ್ಯುತ್ ಇಂಜಿನಿಯರನೂ ಆಗಿದ್ದವನು. ಎಡಿಸನ್ನನ ಡೈನಮೋವನ್ನು ತಿದ್ದಿ ಉತ್ತಮಗೊಳಿಸಿದವನು. 1892ರಲ್ಲಿ ತರುಣ ಇಂಜಿನಿಯರರ ಸಂಘವೊಂದರ ಅಧ್ಯಕ್ಷಪೀಠದಿಂದ ಮಾತನಾಡುತ್ತ ಈತನು ವಿದ್ಯುತ್ ಪೂರೈಕೆಯ ವೆಚ್ಚವನ್ನು ಎರಡು ಭಾಗಗಳಾಗಿ ವಿಂಗಡಿಸಿದನು. ಕಲ್ಲಿದ್ದಲಿನಂತೆ ಉತ್ಪಾದನೆಯೊಡನೆ ಏರಿಳಿಯುವ ವೆಚ್ಚ ಒಂದು. ಒಂದು ಯೂನಿಟ್ಟನ್ನೂ ಮಾರದಿದ್ದರೂ ತಪ್ಪದ ವೆಚ್ಚ ಇನ್ನೊಂದು: ಕಟ್ಟಡ ಮತ್ತು ಯಂತ್ರಗಳ ಮೇಲಿನ ಬಂಡವಾಳದ ಬಡ್ಡಿ, ಸವಕಳಿ, ಕೆಲಸಗಾರರ ಸಂಬಳ, ಯಾವ ಕ್ಷಣದಲ್ಲಿ ಕೇಳಿದರೂ ಒದಗಿಸಲೆಂದು ಬಾಯ್ಲರುಗಳನ್ನು ಬಿಸಿಯಾಗಿಯೇ ಇಟ್ಟಿರುವ ಖರ್ಚು. ಈ ಎರಡನೆಯದು ಸಿದ್ಧವಾಗಿರುವುದರ ಬೆಲೆ. ಗ್ರಾಹಕನು ಹೆಚ್ಚೆಂದರೆ ಎಷ್ಟು ವೇಗದಲ್ಲಿ ವಿದ್ಯುತ್ತನ್ನು ಎಳೆಯಬಲ್ಲನೋ ಅದಕ್ಕನುಗುಣವಾಗಿ ಒಂದು ಸ್ಥಿರ ಶುಲ್ಕವನ್ನೂ, ಬಳಸಿದ ಯೂನಿಟ್ಟುಗಳಿಗೆ ಬೇರೆ ದರವನ್ನೂ ವಿಧಿಸುವುದೇ ನ್ಯಾಯವೆಂದು ಅವನು ವಾದಿಸಿದನು. ಇಂದಿನ ನಮ್ಮ ಬಿಲ್ಲುಗಳಲ್ಲಿರುವ ಎರಡು ಸಾಲುಗಳ ಮೂಲ ಇಲ್ಲಿದೆ.

ವಿಚಾರವೇನೋ ಸರಿ, ಆದರೆ ಗ್ರಾಹಕನ ಗರಿಷ್ಠ ಬೇಡಿಕೆಯನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಕಡಲತೀರದ ಬ್ರೈಟನ್ ಪಟ್ಟಣದಲ್ಲಿ ವಿದ್ಯುತ್ ಇಂಜಿನಿಯರನಾಗಿದ್ದ ಆರ್ಥರ್ ರೈಟನು ಇದಕ್ಕೊಂದು ಸೊಗಸಾದ ಉಪಕರಣವನ್ನು ರಚಿಸಿದನು. ಅದು ಒಂದು ಬಗೆಯ ಉಷ್ಣಮಾಪಕವೇ. ಮುಚ್ಚಿದ ಗಾಜಿನ ನಳಿಗೆಯೊಂದರ ಬುರುಡೆಯ ಸುತ್ತ ಗ್ರಾಹಕನ ವಿದ್ಯುತ್ತು ಹರಿಯುವ ಲೋಹದ ಪಟ್ಟಿಯನ್ನು ಸುತ್ತಿರುತ್ತದೆ. ವಿದ್ಯುತ್ತು ಹೆಚ್ಚಾಗಿ ಹರಿದಂತೆಲ್ಲ ಬುರುಡೆಯೊಳಗಿನ ಗಾಳಿ ಕಾದು ಹಿಗ್ಗಿ, ನಳಿಗೆಯಲ್ಲಿರುವ ದ್ರವವನ್ನು ಮುಂದಕ್ಕೆ ತಳ್ಳುತ್ತದೆ; ದ್ರವವು ಅಂಚನ್ನು ಮೀರಿದರೆ ಪಕ್ಕದ ಕೊಳವೆಗೆ ಚೆಲ್ಲಿ ಅಲ್ಲಿಯೇ ಉಳಿಯುತ್ತದೆ. ಆಮೇಲೆ ಬೇಡಿಕೆ ತಗ್ಗಿದರೂ ಚೆಲ್ಲಿದ ದ್ರವ ಹಿಂದಿರುಗುವುದಿಲ್ಲ. ಲೆಕ್ಕ ಬರೆಯುವವನು ಬಂದು ಪಕ್ಕದ ಕೊಳವೆಯಲ್ಲಿ ದ್ರವ ನಿಂತಿರುವ ಮಟ್ಟವನ್ನು ಓದಿದರೆ ಆ ಅವಧಿಯ ಗರಿಷ್ಠ ಬೇಡಿಕೆ ತಿಳಿಯುತ್ತದೆ. ಕ್ಷಣಮಾತ್ರದ ಏರಿಕೆಯಿಂದ ಬುರುಡೆ ಕಾಯುವುದಿಲ್ಲವಾದುದರಿಂದ ಸಣ್ಣಪುಟ್ಟ ಏರಿಳಿತಗಳು ಲೆಕ್ಕಕ್ಕೆ ಬಾರವು.

ಈ ಉಪಕರಣದ ನೆರವಿನಿಂದ ಬ್ರೈಟನ್ನಿನಲ್ಲಿ ಹೊಸ ಬಗೆಯ ದರವು ಬಳಕೆಗೆ ಬಂದಿತು. ಗರಿಷ್ಠ ಬೇಡಿಕೆಯನ್ನು ದಿನಕ್ಕೆ ಒಂದು ಗಂಟೆ ಬಳಸಿದರೆ ಎಷ್ಟು ಯೂನಿಟ್ಟಾಗುವುದೋ ಅಷ್ಟಕ್ಕೆ ದುಬಾರಿ ದರ. ಅದನ್ನು ಮೀರಿದ ಯೂನಿಟ್ಟುಗಳಿಗೆ ಅಗ್ಗದ ದರ. ಸಂಜೆ ಒಂದು ಗಂಟೆ ಮಾತ್ರ ದೀಪ ಉರಿಸಿ ಬಾಗಿಲು ಹಾಕುವ ಅಂಗಡಿಯವನಿಗೆ ಸರಾಸರಿ ಬೆಲೆ ಹೆಚ್ಚಾಯಿತು. ನಡುರಾತ್ರಿಯವರೆಗೆ ಬೆಳಗುವ ಹೋಟೆಲಿಗೆ ಕಡಿಮೆಯಾಯಿತು. 1894ರಲ್ಲಿ ಬ್ರೈಟನ್ನಿಗೆ ಬಂದಿದ್ದ ಷಿಕಾಗೋ ಎಡಿಸನ್ ಕಂಪೆನಿಯ ಅಧ್ಯಕ್ಷ ಸ್ಯಾಮ್ಯುಯೆಲ್ ಇನ್‌ಸುಲ್ ಈ ಪದ್ಧತಿಯನ್ನು ಕಂಡು ಮೆಚ್ಚಿದನು. ಅಂದಿನಿಂದ ಇದು ಅಮೆರಿಕಕ್ಕೂ ಹಬ್ಬಿತು.

ಒಬ್ಬನ ಶಿಖರ, ಎಲ್ಲರ ಶಿಖರ

ಆದರೆ ರೈಟನ ಉಪಕರಣಕ್ಕೆ ಒಂದು ದೊಡ್ಡ ಮಿತಿಯಿತ್ತು. ಗ್ರಾಹಕನ ಬೇಡಿಕೆಯು ಎಷ್ಟು ಎತ್ತರಕ್ಕೆ ಏರಿತೆಂದು ಅದು ಹೇಳಬಲ್ಲುದಾಗಿತ್ತು. ಎಷ್ಟು ಹೊತ್ತಿಗೆ ಏರಿತೆಂದು ಹೇಳಲಾರದಾಗಿತ್ತು. ನಡುರಾತ್ರಿ ಊರೆಲ್ಲ ಮಲಗಿರುವಾಗ ಒಬ್ಬನು ಐವತ್ತು ಕಿಲೋವಾಟ್ ಎಳೆದರೆ ವಿದ್ಯುದಾಗಾರಕ್ಕೆ ಯಾವ ಕಷ್ಟವೂ ಇಲ್ಲ. ಅದೇ ಐವತ್ತನ್ನು ಊರೆಲ್ಲ ದೀಪ ಹಚ್ಚಿದ ಮುಸ್ಸಂಜೆಯಲ್ಲಿ ಎಳೆದರೆ ಐವತ್ತು ಕಿಲೋವಾಟಿನ ಹೊಸ ಯಂತ್ರವನ್ನೇ ಕೊಳ್ಳಬೇಕಾದೀತು. ಉಪಕರಣಕ್ಕೆ ಎರಡೂ ಒಂದೇ.

ಇನ್‌ಸುಲ್ ಮುಂದೆ ತನ್ನ ಭಾಷಣಗಳಲ್ಲಿ ಷಿಕಾಗೋದ ಒಂದು ವಸತಿ ಸಮುಚ್ಚಯದ ಉದಾಹರಣೆಯನ್ನು ಕೊಡುತ್ತಿದ್ದನು. ಅಲ್ಲಿ ಇನ್ನೂರಕ್ಕೆ ಸ್ವಲ್ಪ ಕಡಿಮೆ ಮನೆಗಳಿದ್ದವು. ಒಂದೊಂದು ಮನೆಯ ಗರಿಷ್ಠ ಬೇಡಿಕೆಯನ್ನೂ ಬೇರೆ ಬೇರೆಯಾಗಿ ಅಳೆದು ಕೂಡಿಸಿದರೆ ಸುಮಾರು 68 ಕಿಲೋವಾಟ್ ಆಗುತ್ತಿತ್ತು. ಆದರೆ ಒಟ್ಟು ಸಮುಚ್ಚಯವು ಯಾವ ಕ್ಷಣದಲ್ಲಿಯೂ 20 ಕಿಲೋವಾಟಿಗಿಂತ ಹೆಚ್ಚಾಗಿ ಎಳೆಯುತ್ತಿರಲಿಲ್ಲ. ಒಬ್ಬರು ಅಡಿಗೆಮನೆಯ ದೀಪವನ್ನು ಆರಿಸುವ ಹೊತ್ತಿಗೆ ಇನ್ನೊಬ್ಬರು ಮಲಗುವ ಮನೆಯ ದೀಪವನ್ನು ಹೊತ್ತಿಸುತ್ತಾರೆ; ಶಿಖರಗಳು ಒಂದರ ಮೇಲೊಂದು ಬೀಳುವುದಿಲ್ಲ. ಹೀಗೆ ಬೇಡಿಕೆಗಳು ಹೊತ್ತು ತಪ್ಪಿಸಿ ಬರುವುದರಿಂದ ಆಗುವ ಉಳಿತಾಯವು ಯಾರಿಗೆ ಸೇರಬೇಕು? ಅದನ್ನು ಯಾವನೊಬ್ಬನೂ ಗಳಿಸಿದ್ದಲ್ಲ. ಎಲ್ಲರೂ ಕೂಡಿ ಇದ್ದುದರಿಂದ ಬಂದದ್ದು. ವೆಚ್ಚವನ್ನು ಹಂಚುವ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ನಮ್ಮ ನಾಡಿನ ವಿದ್ಯುತ್ ಚರಿತ್ರೆಯಲ್ಲಿಯೂ ಇದು ಕಾಣುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಮೈಸೂರು ಸರ್ಕಾರವು ಅಂದು ಗಣಿಗಳಿಗೆ ಮಾರಿದ್ದು ಯೂನಿಟ್ಟುಗಳ ಲೆಕ್ಕದಲ್ಲಲ್ಲ. ವರ್ಷಕ್ಕೆ ಒಂದು ಅಶ್ವಶಕ್ತಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಇದು ಯುಕ್ತವಾಗಿಯೇ ಇತ್ತು. ಕಾವೇರಿಯ ನೀರಿಗೆ ಕಲ್ಲಿದ್ದಲಿನ ಹಾಗೆ ಬೆಲೆ ಕೊಡಬೇಕಾಗಿರಲಿಲ್ಲ. ನಾಲೆ, ಕೊಳವೆ, ಯಂತ್ರ, ತಂತಿ ಇವುಗಳ ವೆಚ್ಚವೇ ಮುಕ್ಕಾಲು ಮೂರು ವೀಸ. ಗಣಿಗಳು ಹಗಲೂ ಇರುಳೂ ಕೆಲಸ ಮಾಡುತ್ತಿದ್ದುದರಿಂದ ಕೊಂಡ ಸಾಮರ್ಥ್ಯವು ಸೋಮಾರಿಯಾಗಿ ಕೂಡುತ್ತಲೂ ಇರಲಿಲ್ಲ. ಮುಖ್ಯ ಗ್ರಾಹಕನು ಒಬ್ಬನೇ ಆಗಿರುವವರೆಗೆ ಹಂಚಿಕೆಯ ಪ್ರಶ್ನೆ ಏಳುವುದಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಸಂಜೆಗೆ ಎಚ್ಚತ್ತು ಬೆಳಗಿಗೆ ಮಲಗುವ ಗ್ರಾಹಕನು ಆ ದಿನ ಅದೇ ಚಪ್ಪರದೊಳಕ್ಕೆ ಬಂದು ಕುಳಿತನು.

ಒಂದು ಕಲ್ಪಿತ ಊರು

ಹಂಚಿಕೆಯ ವಿಧಾನಗಳನ್ನು ಅಂಕಿಗಳಿಂದಲೇ ನೋಡುವುದು ಮೇಲು. ಒಂದು ಚಿಕ್ಕ ಊರನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಮೂರು ವರ್ಗದ ಗ್ರಾಹಕರಿದ್ದಾರೆ. ಒಂದು ನೂಲಿನ ಗಿರಣಿ: ಹಗಲಿರುಳೆನ್ನದೆ 24 ಗಂಟೆಯೂ 400 ಕಿಲೋವಾಟ್ ಎಳೆಯುತ್ತದೆ. ಮನೆಗಳು: ಸಂಜೆ ನಾಲ್ಕು ಗಂಟೆಗಳ ಕಾಲ 500 ಕಿಲೋವಾಟ್, ಉಳಿದ 20 ಗಂಟೆ 100 ಕಿಲೋವಾಟ್. ರೈತರ ಪಂಪುಗಳು: ಹಗಲಿನಲ್ಲಿ ಎಂಟು ಗಂಟೆ 300 ಕಿಲೋವಾಟ್, ಉಳಿದ ಹೊತ್ತು ಏನೂ ಇಲ್ಲ. ಪಂಪುಗಳು ಓಡುವಾಗ ಊರಿನ ಒಟ್ಟು ಬೇಡಿಕೆ 800 ಕಿಲೋವಾಟ್. ಸಂಜೆ 900. ಆದುದರಿಂದ 900 ಕಿಲೋವಾಟಿನ ಸ್ಥಾವರ ಬೇಕು. ಅದರ ಸಾಮರ್ಥ್ಯದ ವೆಚ್ಚ ವರ್ಷಕ್ಕೆ 9,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇಂಧನದ ವೆಚ್ಚ, ತಂತಿಯಲ್ಲಿ ಆಗುವ ನಷ್ಟ, ಕೆಟ್ಟಾಗ ಬೇಕಾಗುವ ಮೀಸಲು ಯಂತ್ರ ಇವುಗಳನ್ನು ಸರಳತೆಗಾಗಿ ಬಿಟ್ಟಿದ್ದೇವೆ. ಈ ಒಂಬತ್ತು ಲಕ್ಷವನ್ನು ಮೂವರಲ್ಲಿ ಹಂಚಬೇಕು.

ಮೊದಲನೆಯ ವಿಧಾನ: ಊರಿನ ಒಟ್ಟು ಬೇಡಿಕೆಯು ಶಿಖರಕ್ಕೇರಿದ ಗಳಿಗೆಯಲ್ಲಿ ಯಾರು ಎಷ್ಟು ಎಳೆಯುತ್ತಿದ್ದರೋ ಅದಕ್ಕೆ ತಕ್ಕಂತೆ ಹಂಚುವುದು. ಸಂಜೆಯ 900ರಲ್ಲಿ ಗಿರಣಿಯದು 400, ಮನೆಗಳದು 500, ಪಂಪುಗಳದು ಸೊನ್ನೆ.

ಎರಡನೆಯದು: ಯಾವ ಹೊತ್ತಿಗೇ ಆಗಲಿ, ಒಂದೊಂದು ವರ್ಗವೂ ಮುಟ್ಟಿದ ತನ್ನ ತನ್ನ ಶಿಖರಕ್ಕೆ ತಕ್ಕಂತೆ ಹಂಚುವುದು. ಆ ಶಿಖರಗಳು 400, 500, 300, ಕೂಡಿದರೆ 1,200.

ಮೂರನೆಯದು: ಶಿಖರವನ್ನೇ ಗಣಿಸದೆ ಬಳಸಿದ ಯೂನಿಟ್ಟುಗಳಿಗೆ ತಕ್ಕಂತೆ ಹಂಚುವುದು. ದಿನಕ್ಕೆ ಗಿರಣಿ 9,600, ಮನೆಗಳು 4,000, ಪಂಪುಗಳು 2,400. ಒಟ್ಟು 16,000 ಯೂನಿಟ್ಟು.

ನಾಲ್ಕನೆಯದು ಇವುಗಳ ನಡುವಣ ರಾಜಿ. ಊರಿನ ಸರಾಸರಿ ಬೇಡಿಕೆ ಸುಮಾರು 667 ಕಿಲೋವಾಟ್. ಸ್ಥಾವರದಲ್ಲಿ ಅಷ್ಟು ಭಾಗವು ಎಲ್ಲರ ನಿತ್ಯದ ಬಳಕೆಗಾಗಿ ಇದೆಯೆಂದು ಭಾವಿಸಿ, ಅದರ ವೆಚ್ಚವನ್ನು ಯೂನಿಟ್ಟುಗಳಂತೆ ಹಂಚುವುದು. ಉಳಿದ 233 ಕಿಲೋವಾಟಿನ ವೆಚ್ಚವನ್ನು, ಪ್ರತಿ ವರ್ಗದ ಶಿಖರವು ಅದರ ಸರಾಸರಿಯನ್ನು ಎಷ್ಟು ಮೀರಿದೆಯೋ ಆ ಪ್ರಮಾಣದಲ್ಲಿ ಹಂಚುವುದು.

ನಾಲ್ಕರ ಫಲಗಳನ್ನು ರೂಪಾಯಿಗಳಲ್ಲಿ ಒಟ್ಟಿಗೆ ನೋಡೋಣ:

ಮೊದಲನೆಯ ವಿಧಾನ: ಗಿರಣಿ 4,00,000, ಮನೆಗಳು 5,00,000, ಪಂಪುಗಳು 0.
ಎರಡನೆಯ ವಿಧಾನ: ಗಿರಣಿ 3,00,000, ಮನೆಗಳು 3,75,000, ಪಂಪುಗಳು 2,25,000.
ಮೂರನೆಯ ವಿಧಾನ: ಗಿರಣಿ 5,40,000, ಮನೆಗಳು 2,25,000, ಪಂಪುಗಳು 1,35,000.
ನಾಲ್ಕನೆಯ ವಿಧಾನ: ಗಿರಣಿ 4,00,000, ಮನೆಗಳು 3,12,500, ಪಂಪುಗಳು 1,87,500.

ಊರು ಒಂದೇ, ಸ್ಥಾವರ ಒಂದೇ, ಮೀಟರುಗಳು ತೋರಿಸಿದ ಅಂಕಿಗಳೂ ಅವೇ. ಗಣಿತದಲ್ಲಿ ಎಲ್ಲಿಯೂ ತಪ್ಪಿಲ್ಲ. ಆದರೂ ಮನೆಗಳ ಹೊರೆ ಎರಡೂಕಾಲು ಲಕ್ಷದಿಂದ ಐದು ಲಕ್ಷದವರೆಗೆ ಓಲಾಡುತ್ತದೆ. ರೈತನು ಒಂದು ಲೆಕ್ಕದಲ್ಲಿ ಯಾರಿಗೂ ಹೊರೆಯಾಗದ ಅತಿಥಿ. ಇನ್ನೊಂದರಲ್ಲಿ ಕಾಲು ಭಾಗದ ಸಾಲಗಾರ. ಪ್ರತಿಯೊಂದು ವರ್ಗದ ಪರವಾದ ವಕೀಲನೂ ತನಗೆ ಅನುಕೂಲವಾದ ವಿಧಾನವನ್ನು ಆರಿಸಿ, ಅದೇ ವಿಜ್ಞಾನಸಮ್ಮತವೆಂದು ವಾದಿಸಬಹುದು. ದರಗಳ ವಿಚಾರಣೆಗಳಲ್ಲಿ ನಡೆಯುವ ವಾದಗಳಲ್ಲಿ ಎಷ್ಟೋ ಈ ಬಗೆಯವೇ.

ಶಿಖರ ಸರಿದರೆ

ಮೇಲಿನ ನಾಲ್ಕರಲ್ಲಿ ಮೊದಲನೆಯದು ಬಹು ಮಂದಿಗೆ ಯುಕ್ತವೆಂದು ತೋರುತ್ತದೆ. ಚಪ್ಪರವನ್ನು ದೊಡ್ಡದು ಮಾಡಿದ್ದು ಸಂಜೆಯ ಪಂಕ್ತಿ. ಆ ಪಂಕ್ತಿಯಲ್ಲಿ ಕುಳಿತವರೇ ಬಾಡಿಗೆ ಕೊಡಲಿ ಎಂಬುದು ಅದರ ತರ್ಕ. ಆದರೆ ಈ ವಿಧಾನವು ಕತ್ತಿಯ ಅಲುಗಿನ ಮೇಲೆ ನಿಂತಿದೆ. ನಮ್ಮ ಊರಿನ ಮನೆಯವರೆಲ್ಲ ಹಳೆಯ ಬಲ್ಬುಗಳನ್ನು ತೆಗೆದು ಎಲ್‌ಇಡಿ ದೀಪಗಳನ್ನು ಹಾಕಿಕೊಂಡರೆಂದೂ, ಇದರಿಂದಲೂ ಇಂತಹ ಬೇರೆ ಉಳಿತಾಯಗಳಿಂದಲೂ ಸಂಜೆಯ ಅವರ ಬೇಡಿಕೆ 500ರಿಂದ 350ಕ್ಕೆ ಇಳಿಯಿತೆಂದೂ ಭಾವಿಸೋಣ. ಈಗ ಸಂಜೆಯ ಒಟ್ಟು ಬೇಡಿಕೆ 750. ಹಗಲಿನದು ಮೊದಲಿನಂತೆಯೇ 800. ಶಿಖರವು ಸಂಜೆಯಿಂದ ಹಗಲಿಗೆ ಸರಿಯಿತು.

ಸ್ಥಾವರವನ್ನು ಆಗಲೇ ಕಟ್ಟಿಯಾಗಿದೆ. ಅದರ ಒಂಬತ್ತು ಲಕ್ಷವೂ ಹಾಗೆಯೇ ಇದೆ. ಮೊದಲನೆಯ ವಿಧಾನದಿಂದ ಈಗ ಹಂಚಿದರೆ ಗಿರಣಿಗೆ 4,50,000, ಮನೆಗಳಿಗೆ 1,12,500, ಪಂಪುಗಳಿಗೆ 3,37,500 ರೂಪಾಯಿ ಬರುತ್ತದೆ. ನಿನ್ನೆಯವರೆಗೆ ಒಂದು ಕಾಸನ್ನೂ ಕೊಡಬೇಕಾಗಿರದ ರೈತನ ತಲೆಯ ಮೇಲೆ ಮೂರು ಲಕ್ಷಕ್ಕೂ ಹೆಚ್ಚಿನ ಹೊರೆ! ಅವನೇನು ಮಾಡಿದನು? ಏನೂ ಮಾಡಲಿಲ್ಲ, ಅದೇ ಪಂಪು, ಅದೇ ಬಾವಿ, ಅದೇ ಎಂಟು ಗಂಟೆ. ಬೇರೆಯವರ ನಡವಳಿಕೆ ಬದಲಾದುದರಿಂದ ಇವನ ಋಣ ಬದಲಾಯಿತು.

ಇನ್ನೊಂದು ಹೆಜ್ಜೆ ಮುಂದಿಡೋಣ. ಊರಿನವರು ಹಗಲಿನಲ್ಲಿ 200 ಕಿಲೋವಾಟ್ ಕೊಡುವ ಸೌರ ಫಲಕಗಳನ್ನು ಹಾಕಿದರೆನ್ನೋಣ. ಹಳೆಯ ಸ್ಥಾವರದ ಮೇಲಿನ ಹಗಲಿನ ಬೇಡಿಕೆ 600ಕ್ಕೆ ಇಳಿಯುತ್ತದೆ; ಸೂರ್ಯನು ಮುಳುಗಿದ ಮೇಲಿನ 750 ಮತ್ತೆ ಶಿಖರವಾಗುತ್ತದೆ; ರೈತನ ಪಾಲು ಮತ್ತೆ ಸೊನ್ನೆ. ಇದು ಬರಿಯ ಕಲ್ಪನೆಯಲ್ಲ. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವನ್ನು ಹೊಂದಿರುವ ನಮ್ಮ ರಾಜ್ಯದಲ್ಲಿ ಹಗಲಿನ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಇರುವ ಅಂತರವು ನಿಜವಾದ ಅಂತರ. ಹಗಲು ಪಂಪನ್ನು ಓಡಿಸುವವನು ವ್ಯವಸ್ಥೆಗೆ ಹೊರೆಯೋ ನೆರವೋ ಎಂಬುದು, ಅವನೊಡನೆ ಆ ಹೊತ್ತಿನಲ್ಲಿ ಇನ್ನು ಯಾರು ಯಾರು ಪಂಕ್ತಿಯಲ್ಲಿದ್ದಾರೆ, ಬಡಿಸುವವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಅವಲಂಬಿಸಿದೆ.

ಬ್ವಾತೋ ಕಂಡ ದಾರಿ

ಈ ತೊಡಕಿನಿಂದ ಹೊರಬರಲು ಪ್ರಶ್ನೆಯನ್ನೇ ಬದಲಿಸಬೇಕೆಂದು ತೋರಿಸಿದವನು ಫ್ರಾನ್ಸಿನ ಮಾರ್ಸೆಲ್ ಬ್ವಾತೋ. ಈತನು 1922ರಲ್ಲಿ ಹುಟ್ಟಿ, 2023ರಲ್ಲಿ ನೂರೊಂದನೆಯ ವಯಸ್ಸಿನಲ್ಲಿ ಕಾಲವಾದನು. ಫ್ರಾನ್ಸಿನ ರಾಷ್ಟ್ರೀಯ ವಿದ್ಯುತ್ ಸಂಸ್ಥೆಯ ಮುಖ್ಯಸ್ಥನಾಗಿ ಬಹುಕಾಲ ದುಡಿದವನು. 1949ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಬ್ವಾತೋ ಕೇಳಿದ ಪ್ರಶ್ನೆ ಹೀಗಿದೆ: ಆಗಿಹೋದ ವೆಚ್ಚವನ್ನು ಯಾರ ತಲೆಗೆ ಕಟ್ಟಬೇಕು ಎಂಬುದು ಹಾಗಿರಲಿ, ಈ ಹೊತ್ತಿನಲ್ಲಿ ಇನ್ನೊಂದು ಕಿಲೋವಾಟನ್ನು ಹೆಚ್ಚಾಗಿ ಕೇಳಿದರೆ ಇನ್ನು ಮುಂದೆ ಎಷ್ಟು ವೆಚ್ಚ ಹೆಚ್ಚುತ್ತದೆ?

ಶಿಖರವಲ್ಲದ ಹೊತ್ತಿನಲ್ಲಿ ಯಂತ್ರಗಳು ಬಿಡುವಾಗಿರುತ್ತವೆ. ಇನ್ನೊಂದು ಕಿಲೋವಾಟಿಗೆ ಇಂಧನದ ವೆಚ್ಚ ಮಾತ್ರ. ಶಿಖರದ ಹೊತ್ತಿನಲ್ಲಾದರೆ ಹೊಸ ಯಂತ್ರವೇ ಬೇಕು. ಆಗ ಸಾಮರ್ಥ್ಯದ ಬೆಲೆಯನ್ನೂ ಸೇರಿಸಬೇಕು. ಹೀಗೆ ಬೆಲೆಯು ಗ್ರಾಹಕನ ಜಾತಿಯನ್ನು ನೋಡದೆ ಗಡಿಯಾರವನ್ನು ನೋಡುತ್ತದೆ. ಈ ಬೆಲೆಯನ್ನು ಕಂಡು ಜನರು ತಮ್ಮ ಕೆಲಸಗಳನ್ನು ಅಗ್ಗದ ಹೊತ್ತಿಗೆ ಸರಿಸುತ್ತಾರೆ. ಸರಿಯುತ್ತ ಸರಿಯುತ್ತ ಹಗಲಿನ ಬೇಡಿಕೆಯೂ ಸಂಜೆಯ ಬೇಡಿಕೆಯೂ ಸಮನಾದರೆ ಆಗೇನು? ಆಗ ಎರಡು ಹೊತ್ತಿನವರೂ ಸಾಮರ್ಥ್ಯದ ಬೆಲೆಯನ್ನು ಹಂಚಿಕೊಳ್ಳಬೇಕು. ಯಾವ ಹೊತ್ತಿನ ಬೇಡಿಕೆಯೂ ಇನ್ನೊಂದನ್ನು ಮೀರದಂತೆ ಇರಿಸುವ ಪ್ರಮಾಣವೇ ನ್ಯಾಯವಾದ ಪ್ರಮಾಣ. ಮೊದಲನೆಯ ವಿಧಾನದಲ್ಲಿ ಸೊನ್ನೆಯಿಂದ ಮೂರು ಲಕ್ಷಕ್ಕೆ ಒಮ್ಮೆಲೇ ಹಾರುತ್ತಿದ್ದ ಹೊರೆ ಇಲ್ಲಿ ಮೆಲ್ಲಮೆಲ್ಲನೆ ಸರಿಯುತ್ತದೆ. 1950ರ ದಶಕದ ಉತ್ತರಾರ್ಧದಲ್ಲಿ ಫ್ರಾನ್ಸಿನ ದೊಡ್ಡ ಗ್ರಾಹಕರಿಗಾಗಿ ಜಾರಿಗೆ ಬಂದ 'ಹಸಿರು ದರ'ವು ಋತುಮಾನವನ್ನೂ ಹೊತ್ತನ್ನೂ ಅನುಸರಿಸಿ ಬೆಲೆಯನ್ನು ಬದಲಾಯಿಸಿತು. ಅಲ್ಲಿ ಚಳಿಗಾಲದ ಶಿಖರ ದುಬಾರಿ, ಬೇಸಗೆಯ ರಾತ್ರಿ ಅಗ್ಗ.

ಆದರೆ ಈ ದಾರಿಯಲ್ಲಿಯೂ ಎರಡು ಅಡ್ಡಿಗಳುಂಟು. ಮೊದಲನೆಯದು, ಯೂನಿಟ್ಟುಗಳನ್ನು ಮಾತ್ರವಲ್ಲದೆ ಅವುಗಳನ್ನು ಬಳಸಿದ ಹೊತ್ತನ್ನೂ ಬರೆದಿಡುವ ಮೀಟರು ಪ್ರತಿಯೊಬ್ಬನ ಬಳಿಯಲ್ಲಿಯೂ ಬೇಕು. ಎರಡನೆಯದು, ಹೀಗೆ ಮುಂದಿನ ವೆಚ್ಚವನ್ನು ಲೆಕ್ಕಹಾಕಿ ವಸೂಲು ಮಾಡಿದ ಹಣವು ಹಿಂದೆ ಆಗಿಹೋದ ವೆಚ್ಚಕ್ಕೆ ಸರಿಹೊಂದಬೇಕೆಂಬ ನಿಯಮವಿಲ್ಲ. ಕೊರತೆ ಬಿದ್ದರೆ ಆ ಶೇಷವನ್ನು ಮತ್ತೆ ಯಾರ ಮೇಲಾದರೂ ಹಾಕಲೇಬೇಕು.

ತಪ್ಪಿಸಿಕೊಂಡವರು ಮತ್ತು ಸಿಕ್ಕಿಬಿದ್ದವರು

ಈ ಶೇಷವನ್ನು ಹಂಚುವುದರಲ್ಲಿ ಎಡವಿದರೆ ಏನಾಗುತ್ತದೆಂಬುದಕ್ಕೆ ಹಾಪ್ಕಿನ್‌ಸನ್ನನ ನಾಡಾದ ಬ್ರಿಟನ್ನೇ ಇತ್ತೀಚಿನ ಉದಾಹರಣೆಯನ್ನು ಒದಗಿಸಿದೆ. ಅಲ್ಲಿ ರಾಷ್ಟ್ರದ ಸಾಗಣೆ ತಂತಿಗಳ ವೆಚ್ಚದಲ್ಲಿ ದೊಡ್ಡ ಗ್ರಾಹಕರ ಪಾಲನ್ನು ಅನೇಕ ವರ್ಷಗಳ ಕಾಲ ಮೂರೇ ಮೂರು ಅರ್ಧಗಂಟೆಗಳ ಬಳಕೆಯಿಂದ ನಿರ್ಧರಿಸುತ್ತಿದ್ದರು. ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ ದೇಶದ ಬೇಡಿಕೆ ಅತಿ ಹೆಚ್ಚಾಗಿದ್ದ, ಒಂದರಿಂದೊಂದು ಕನಿಷ್ಠ ಹತ್ತು ದಿನ ದೂರವಿರುವ ಮೂರು ಅರ್ಧಗಂಟೆಗಳು ಅವು. ಇವು ಯಾವುವೆಂಬುದು ಚಳಿಗಾಲ ಕಳೆದ ಮೇಲೆಯೇ ಗೊತ್ತಾಗುತ್ತಿತ್ತು. ಕಾರ್ಖಾನೆಗಳು ಹವಾಮಾನವನ್ನು ನೋಡಿ, ಮುನ್ಸೂಚನೆ ಕೊಡುವವರಿಗೆ ಹಣ ತೆತ್ತು, ಆ ಸಂಜೆಯನ್ನು ಊಹಿಸಿ ಯಂತ್ರಗಳನ್ನು ನಿಲ್ಲಿಸುತ್ತಿದ್ದವು. ಇಲ್ಲವೆ ತಮ್ಮದೇ ಆದ ಡೀಸೆಲ್ ಯಂತ್ರಗಳನ್ನು ಓಡಿಸುತ್ತಿದ್ದವು.

ಊಹೆ ಸರಿಯಾದವನಿಗೆ ಆ ಇಡೀ ವರ್ಷದ ಶುಲ್ಕ ತಪ್ಪಿತು. ಆದರೆ ತಂತಿಗಳನ್ನು ಅದಾಗಲೇ ಎಳೆದಾಗಿತ್ತು. ಯಾರು ಯಂತ್ರವನ್ನು ನಿಲ್ಲಿಸಿದರೂ ಆಗಿಹೋದ ವೆಚ್ಚ ಕಡಿಮೆಯಾಗುವುದಿಲ್ಲ. ಒಬ್ಬನು ತಪ್ಪಿಸಿಕೊಂಡದ್ದು, ಸಂಜೆಯ ಅಡಿಗೆಯನ್ನು ಮುಂದೂಡಲಾರದ ಮನೆಯವರ ಮೇಲೆಯೂ, ಬಾಗಿಲು ಮುಚ್ಚಲಾಗದ ಸಣ್ಣ ವ್ಯಾಪಾರಿಗಳ ಮೇಲೆಯೂ ಬಿದ್ದಿತು. ಅಲ್ಲಿನ ವಿದ್ಯುತ್ ನಿಯಂತ್ರಕರು 2019ರಲ್ಲಿ ಈ ಪದ್ಧತಿಯನ್ನು ಬದಲಿಸಲು ತೀರ್ಮಾನಿಸಿದರು. ಆ ಶೇಷ ವೆಚ್ಚವು 2023ರ ಏಪ್ರಿಲಿನಿಂದ, ಗ್ರಾಹಕನ ಗಾತ್ರಕ್ಕೆ ತಕ್ಕ ಸ್ಥಿರ ಶುಲ್ಕವಾಯಿತು.

ಈ ಪ್ರಸಂಗದಿಂದ ಒಂದು ಮುಖ್ಯ ವಿವೇಕ ಹೊರಡುತ್ತದೆ. ಇನ್ನು ಮುಂದೆ ಕಟ್ಟಬೇಕಾದ ಸಾಮರ್ಥ್ಯದ ಬೆಲೆಯನ್ನು ಶಿಖರದ ಹೊತ್ತಿನ ಮೇಲೆ ಹಾಕುವುದು ಒಳ್ಳೆಯದು. ಏಕೆಂದರೆ ಅದನ್ನು ಕಂಡು ಜನರು ಹಿಂಜರಿದರೆ ನಿಜವಾಗಿಯೂ ಒಂದು ಯಂತ್ರವನ್ನು ಕಟ್ಟುವುದು ತಪ್ಪುತ್ತದೆ. ಆಗಲೇ ಕಟ್ಟಿ ಮುಗಿದ ಸಾಮರ್ಥ್ಯದ ಸಾಲವನ್ನು ಹಾಗೆ ಹಾಕಿದರೆ ಉಳಿತಾಯವಿಲ್ಲ; ಹೊರೆಯು ಚತುರನ ಹೆಗಲಿನಿಂದ ಅಸಹಾಯಕನ ಹೆಗಲಿಗೆ ಜಾರುತ್ತದೆ, ಅಷ್ಟೆ.

ನಮ್ಮ ನಾಡಿನಲ್ಲಿ

ಭಾರತದ 2003ರ ವಿದ್ಯುಚ್ಛಕ್ತಿ ಕಾಯಿದೆಯು ದರಗಳು ಕ್ರಮಕ್ರಮವಾಗಿ ಪೂರೈಕೆಯ ವೆಚ್ಚವನ್ನು ಪ್ರತಿಬಿಂಬಿಸಬೇಕೆಂದು ಹೇಳುತ್ತದೆ. ಯಾವ ಗ್ರಾಹಕನಿಗೂ ಅನುಚಿತವಾದ ಪಕ್ಷಪಾತವನ್ನು ತೋರದೆ, ಬಳಸುವ ಹೊತ್ತು, ವೋಲ್ಟೇಜು, ಒಟ್ಟು ಬಳಕೆ, ಬಳಕೆಯ ಉದ್ದೇಶ ಮುಂತಾದ ಕಾರಣಗಳಿಂದ ದರಗಳಲ್ಲಿ ಭೇದ ಮಾಡಬಹುದೆಂದೂ ಹೇಳುತ್ತದೆ. ಕರ್ನಾಟಕದಲ್ಲಿ ಈ ಕೆಲಸವು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. ದೊಡ್ಡ ಕಾರ್ಖಾನೆಗಳ ಗರಿಷ್ಠ ಬೇಡಿಕೆಯನ್ನು ಮೀಟರೇ ಬರೆದಿಡುತ್ತದೆ. ರೈಟನ ಗಾಜಿನ ನಳಿಗೆಯ ಕೆಲಸವನ್ನು ಇಂದು ವಿದ್ಯುನ್ಮಾನ ಮೀಟರು ಮಾಡುತ್ತಿದೆ. ಮನೆಗಳ ನಿಗದಿತ ಶುಲ್ಕವಾದರೋ ಮಂಜೂರಾದ ಕಿಲೋವಾಟನ್ನು ಅನುಸರಿಸುತ್ತದೆ. ಎಂದರೆ ಅದು ಅವರು ಎಳೆದದ್ದರ ಅಳತೆಯಲ್ಲ, ಎಳೆಯಬಹುದಾದುದರ ಅಂದಾಜು.

ಪಂಪ್‌ಸೆಟ್ಟುಗಳ ಸಂಗತಿಯೇ ಬೇರೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ತು ಉಚಿತ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಒಂದು ಮಿತಿಯೊಳಗಿನ ಬಳಕೆಯನ್ನು ಮನೆಗಳಿಗೂ ಉಚಿತವಾಗಿಸಿತು. ಉಚಿತವೆಂದರೆ ವೆಚ್ಚವಿಲ್ಲವೆಂದಲ್ಲ, ಆ ವರ್ಗದ ಪಾಲನ್ನು ಲೆಕ್ಕಹಾಕಿ ಸರ್ಕಾರವು ಬೊಕ್ಕಸದಿಂದ ತುಂಬಿಕೊಡುತ್ತದೆ. ಆದುದರಿಂದ ಪಾಲನ್ನು ಲೆಕ್ಕಹಾಕುವ ವಿಧಾನವು ಗ್ರಾಹಕರಿಗೆ ಮಾತ್ರವಲ್ಲ, ತೆರಿಗೆ ಕೊಡುವ ಎಲ್ಲರಿಗೂ ಸಂಬಂಧಿಸಿದ್ದು. ನಮ್ಮ ಕಲ್ಪಿತ ಊರಿನಲ್ಲಿ ಪಂಪುಗಳ ಪಾಲು ಸೊನ್ನೆಯೂ ಆಯಿತು, ಎರಡೂಕಾಲು ಲಕ್ಷವೂ ಆಯಿತೆಂಬುದನ್ನು ನೆನೆಯೋಣ. 'ರೈತನ ಸಹಾಯಧನ ಇಷ್ಟು ಕೋಟಿ' ಎಂದು ಯಾರಾದರೂ ಹೇಳಿದಾಗ ಆ ಕೋಟಿಯ ಹಿಂದೆ ಹಂಚಿಕೆಯ ಒಂದು ವಿಧಾನವಿರುತ್ತದೆ. ಮೇಲಾಗಿ ಬಹುಪಾಲು ಪಂಪುಗಳಿಗೆ ಪ್ರತ್ಯೇಕವಾದ ಮೀಟರಿಲ್ಲದೆ ಬಳಕೆಯನ್ನು ಅಂದಾಜಿನಿಂದ ತಿಳಿಯಬೇಕಾಗಿರುವಲ್ಲಿ, ಹಂಚಿಕೆಯ ತಳಹದಿಯೇ ಊಹೆಯಾಗುತ್ತದೆ.

ಹೊತ್ತನ್ನು ನೋಡುವ ದರವೂ ಈಗ ಬಂದಿದೆ. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 10 ಕಿಲೋವಾಟಿಗೆ ಮೇಲ್ಪಟ್ಟ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರೊಳಗೆ, ಕೃಷಿಯನ್ನು ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರೊಳಗೆ ಇಂತಹ ದರವನ್ನು ತರಬೇಕೆಂದು ಗೊತ್ತುಪಡಿಸಲಾಯಿತು. ಬಿಸಿಲಿನ ಹೊತ್ತಿನ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20ರಷ್ಟು ಕಡಿಮೆ ಇರಬೇಕು; ಶಿಖರದ ಹೊತ್ತಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ ಶೇಕಡ 20ರಷ್ಟು, ಇತರರಿಗೆ ಶೇಕಡ 10ರಷ್ಟು ಹೆಚ್ಚಿರಬೇಕು. ಬ್ವಾತೋನ ಗಡಿಯಾರವು ಹೀಗೆ ನಮ್ಮ ಗೋಡೆಗೂ ಬಂದಿದೆ. ಆದರೆ ಗಡಿಯಾರದ ದರವು ಹೊತ್ತನ್ನು ಬದಲಿಸಬಲ್ಲವನಿಗೆ ಮಾತ್ರ ಲಾಭ. ಹಿಟ್ಟಿನ ಗಿರಣಿಯವನು ಮಧ್ಯಾಹ್ನಕ್ಕೆ ಸರಿಯಬಹುದು. ರಾತ್ರಿ ಓದುವ ಹುಡುಗನ ದೀಪವನ್ನು ಮಧ್ಯಾಹ್ನಕ್ಕೆ ಸರಿಸಲಾಗದು. ಎರಡು ಬಲ್ಬುಗಳ ಬಡವನ ಮನೆಯೂ ಹತ್ತು ಕೋಣೆಗಳಲ್ಲಿ ತಂಪು ಯಂತ್ರವಿರುವ ಬಂಗಲೆಯೂ 'ಗೃಹಬಳಕೆ' ಎಂಬ ಒಂದೇ ವರ್ಗದಲ್ಲಿ ಇರುವುದರಿಂದ, ವರ್ಗಕ್ಕೆ ನ್ಯಾಯ ಸಂದ ಮಾತ್ರಕ್ಕೆ ಮನೆಗೆ ನ್ಯಾಯ ಸಂದಿತೆಂದು ಹೇಳುವಂತಿಲ್ಲ.

ಹಾಗಾದರೆ ಸರಿಯಾದ ಹಂಚಿಕೆ ಯಾವುದು? ಮೀಟರು ಯಾರು ಎಷ್ಟು ಹೊತ್ತಿಗೆ ಎಷ್ಟು ಎಳೆದರೆಂಬುದನ್ನು ಹೇಳಬಲ್ಲುದು. ಇಂಜಿನಿಯರನು ಆ ಹೊತ್ತಿನಲ್ಲಿ ಯಾವ ಯಂತ್ರ ಓಡಬೇಕಾಯಿತೆಂಬುದನ್ನು ಹೇಳಬಲ್ಲನು. ಮುಂದಿನ ವೆಚ್ಚವನ್ನು ಯಾರ ಬೇಡಿಕೆ ಹೆಚ್ಚಿಸುತ್ತದೆಂಬುದನ್ನು ಅರ್ಥಶಾಸ್ತ್ರಜ್ಞನು ತೋರಿಸಬಲ್ಲನು. ಇಷ್ಟರವರೆಗೆ ವಿಜ್ಞಾನದ ಅಧಿಕಾರ ನಡೆಯುತ್ತದೆ. ಎಲ್ಲರೂ ಕೂಡಿ ಇದ್ದುದರಿಂದಾದ ಉಳಿತಾಯವನ್ನೂ, ಹಿಂದೆ ಆಗಿಹೋದ ಸಾಲವನ್ನೂ ಯಾರಿಗೆ ಎಷ್ಟೆಂದು ಹಂಚುವುದು ಅದರಾಚೆಯ ಮಾತು. ಅದು ಸಮಾಜವು ಬಹಿರಂಗವಾಗಿ ಚರ್ಚಿಸಿ ಕೈಗೊಳ್ಳಬೇಕಾದ ತೀರ್ಮಾನ. ದರಗಳನ್ನು ನಿಶ್ಚಯಿಸುವ ಮುನ್ನ ಆಯೋಗವು ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ತಮ್ಮ ಆಕ್ಷೇಪಣೆಗಳನ್ನು ಸಲ್ಲಿಸಬಹುದು. ಅಲ್ಲಿಗೆ ಹೋಗುವ ವಾಚಕರು 'ನಮ್ಮ ದರ ಹೆಚ್ಚಾಯಿತು' ಎಂದು ಹೇಳುವುದರ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ. ನಮ್ಮ ವರ್ಗದ ಪಾಲನ್ನು ಯಾವ ಹೊತ್ತಿನ ಬೇಡಿಕೆಯಿಂದ ಲೆಕ್ಕಹಾಕಿದಿರಿ? ಅದರಲ್ಲಿ ಇನ್ನು ಮುಂದೆ ತಪ್ಪಿಸಬಹುದಾದ ವೆಚ್ಚವೆಷ್ಟು, ಆಗಲೇ ಆಗಿಹೋದ ವೆಚ್ಚವೆಷ್ಟು?